ದಪ್ಪ ಆದದ್ದಕ್ಕೆಲ್ಲ ಅನ್ನವೇ ಕಾರಣವಾ?

ಬೆಂಗಳೂರಿಂದ ಊರಿಗೆ ಬಂದ ಹುಡುಗಿಗೆ ಕುಂದಾಪುರದ ಮದುವೆ ಮನೆಯಲ್ಲಿ ಸಿಗುವ ಮೊದಲ ಸ್ವಾಗತ, "ಎಂತ ಮಾರಾಯ್ತಿ, ಇಷ್ಟ್ ದಪ್ಪ ಆಯ್ದೆ!" ಎರಡನೆಯದು, ಅನ್ನ ಕಮ್ಮಿ ಮಾಡು. ಈಗ ರೀಲ್ಸ್‌ನವರೂ ಸೇರಿಕೊಂಡಿದ್ದಾರೆ. ಮುಖ ಊದಿದರೆ ಅದು ‘ಕಾರ್ಟಿಸಾಲ್ ಫೇಸ್’ ಅಂತೆ, ಯಾವುದೋ ಪುಡಿ ಕುಡಿದರೆ ಇಳಿಯುತ್ತದಂತೆ!

ಪುಡಿಯ ಕಥೆ ಬಿಡಿ. ಆದರೆ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ನಿಜವಾದ ಕಾಯಿಲೆ ಒಂದಿದೆ, ಕುಶಿಂಗ್ಸ್ ಸಿಂಡ್ರೋಮ್. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲೋ ಕಿಡ್ನಿ ಮೇಲಿನ ಅಡ್ರಿನಲ್‌ನಲ್ಲೋ ಸಣ್ಣ ಗೆಡ್ಡೆ ಬೆಳೆದರೆ ಬರುತ್ತದೆ. ಪುಸ್ತಕದ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡು ಮೂರು ಹೊಸ ರೋಗಿಗಳು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿದ್ದದ್ದು 11.77 ಲಕ್ಷ ಜನ. ಅಂದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಸೇರಿ ವರ್ಷಕ್ಕೆ ಒಬ್ಬರೋ ಇಬ್ಬರೋ. ಆದರೆ ಇದು ಪತ್ತೆಯಾದವರ ಲೆಕ್ಕ ಮಾತ್ರ. ಹತೋಟಿಗೆ ಬಾರದ ಶುಗರ್ ಇರುವವರನ್ನು ಹುಡುಕಿ ಹುಡುಕಿ ಪರೀಕ್ಷಿಸಿದಾಗ ಇದಕ್ಕಿಂತ ಎಷ್ಟೋ ಹೆಚ್ಚು ಜನ ಸಿಕ್ಕಿದ್ದಾರೆ. ಲಕ್ಷಣ ಶುರುವಾಗಿ ಕಾಯಿಲೆಗೆ ಹೆಸರು ಸಿಗಲು ಸರಾಸರಿ 34 ತಿಂಗಳು ಬೇಕು.

ತಡ ಯಾಕೆ? ಶುಗರಿಗೆ ಒಬ್ಬ ಡಾಕ್ಟ್ರು, ಬಿಪಿಗೆ ಇನ್ನೊಬ್ಬರು, ಮುಟ್ಟು ತಪ್ಪಿದರೆ ಪಿಸಿಓಡಿ ಅಂತ ಮತ್ತೊಬ್ಬರು. ಎಲ್ಲ ಚೀಟಿ ಒಟ್ಟಿಗೆ ಇಟ್ಟು ನೋಡುವವರಿಲ್ಲ. ಬರೀ ದಪ್ಪ ಆದವರಿಗೆ ಹೆದರಿಕೆ ಬೇಡ. ಹೊಟ್ಟೆ ಬೆಳೆದು ಕೈಕಾಲು ಸಪೂರ ಆಗುವುದು, ಕೈಯೂರದೆ ನೆಲದಿಂದ ಏಳಲಿಕ್ಕೆ ಆಗದಿರುವುದು, ಬಸ್ಸಿನ ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಇಲ್ಲದಿರುವುದು, ತಾಗಿದ್ದು ನೆನಪಿಲ್ಲದಿದ್ದರೂ ಚರ್ಮ ನೀಲಿಗಟ್ಟುವುದು, ಹೊಟ್ಟೆ ಮೇಲೆ ಬೆರಳಗಲದ ನೇರಳೆ ಗೆರೆ: ಇವು ಒಟ್ಟಿಗೆ ಕಂಡರೆ ಕೇಳಲೇಬೇಕು. ಬೆಳಿಗ್ಗೆ ಒಮ್ಮೆ ರಕ್ತದಲ್ಲಿ ಕಾರ್ಟಿಸಾಲ್ ನೋಡಿ ‘ನಾರ್ಮಲ್’ ಅಂದರೆ ಸಾಲದು, ಬೆಳಿಗ್ಗೆ ಅದು ಎಲ್ಲರಿಗೂ ಜಾಸ್ತಿಯೇ. ಮಧ್ಯರಾತ್ರಿ ಇಳಿಯುತ್ತದಾ ಎಂಬುದು ಮುಖ್ಯ. ಅದಕ್ಕೇ ತಡರಾತ್ರಿಯ ಎಂಜಲು ಪರೀಕ್ಷೆ. ಇಲ್ಲವೇ ರಾತ್ರಿ 1 ಮಿ.ಗ್ರಾಂ ಡೆಕ್ಸಾಮೆಥಸೋನ್ ಕೊಟ್ಟು ಮರುದಿನ ಬೆಳಿಗ್ಗೆ ರಕ್ತ ತೆಗೆಯುವುದು. ಇದನ್ನು ನೋಡುವವರು ಹಾರ್ಮೋನ್ ತಜ್ಞರು. ನಮ್ಮ ಕಡೆಯವರಿಗೆ ಮಣಿಪಾಲ ಹತ್ತಿರ.

ಇನ್ನೊಂದು, ನನಗೆ ಹೆಚ್ಚು ಸಿಟ್ಟು ಬರಿಸುವ ವಿಷಯ. ಈ ಲಕ್ಷಣಗಳಿಗೆ ಅತಿ ಸಾಮಾನ್ಯ ಕಾರಣ ಗೆಡ್ಡೆ ಅಲ್ಲ, ಹೊರಗಿಂದ ಹೋದ ಸ್ಟೀರಾಯ್ಡ್. ಗಂಟುನೋವಿಗೆ ಹೆಸರಿಲ್ಲದ ಪುಡಿ, ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರುವ ಉಬ್ಬಸದ ಮಾತ್ರೆ, ಬೆಳ್ಳಗಾಗಲು ಹಚ್ಚುವ ಕ್ರೀಮ್. ಇಂಥ ಹಲವು ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ.

ಇದನ್ನು ಓದಿ ಅಮ್ಮನ ಮಾತ್ರೆ ಇವತ್ತೇ ಕಸದ ಬುಟ್ಟಿಗೆ ಹಾಕಬೇಡಿ ಮತ್ತೆ. ಬಹಳ ದಿನ ತಗೊಂಡ ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ, ಮಲಗಿದ್ದ ಅಡ್ರಿನಲ್ ಏಳಲು ತಿಂಗಳುಗಳೇ ಬೇಕು. ಮಾತ್ರೆಯ ಸ್ಟ್ರಿಪ್ಪು, ಪುಡಿಯ ಪೊಟ್ಟಣ, ಕ್ರೀಮಿನ ಟ್ಯೂಬು ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡೇ ಡಾಕ್ಟ್ರ ಹತ್ತಿರ ಹೋಗಿ.