ಓಡುವ ನಾಯಿಗೆ ಸರಪಳಿ

ಕಳೆದ ಆಟಿ ತಿಂಗಳಿನ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ರನ್ನ ಕವಿಯ ಪರಿಚಯ ಮಾಡಿಕೊಡುತ್ತಿದ್ದೆ. ಕವಿಯ ಹುಟ್ಟೂರು ಮುಧೋಳ ಎಂದದ್ದೇ ತಡ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಆ ಊರಿನ ನಾಯಿ ನಮ್ಮಲ್ಲಿ ಉಂಟು" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹತ್ತನೆಯ ಶತಮಾನದ ಮಹಾಕವಿಗಿಂತ ನಾಯಿಯೇ ಮಕ್ಕಳಿಗೆ ಹತ್ತಿರವಾದರೆ ತಪ್ಪೇನು?

ಆ ಭಾನುವಾರ ಅವನ ಮನೆಗೆ ಹೋದೆ. ಹಟ್ಟಿಯ ಕಂಬಕ್ಕೆ ನಾಲ್ಕು ಮೊಳದ ಸರಪಳಿ. ಮಳೆನೀರು ಒಸರುವ ಸಿಮೆಂಟು ನೆಲದ ಮೇಲೆ ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೂತಿಯ ಆ ಪ್ರಾಣಿ ನಡುಗುತ್ತ ನಿಂತಿತ್ತು. ಹತ್ತಿರ ಹೋದರೆ ಹಲ್ಲು ಕಿರಿಯಿತು. "ಬಿಟ್ಟರೆ ನೆರೆಮನೆಯ ಕೋಳಿ ಉಳಿಯುವುದಿಲ್ಲ ಮಾಸ್ಟ್ರೇ" ಎಂದರು ಹುಡುಗನ ತಂದೆ. ಅವರ ಮಾತು ಸುಳ್ಳಲ್ಲ. ಆದರೆ ತರುವ ಮೊದಲು ಅದನ್ನು ಯೋಚಿಸಬೇಕಿತ್ತು.

ಬೇಟೆನಾಯಿಗಳಲ್ಲಿ ಎರಡು ಬಗೆ. ಫ್ರಾನ್ಸಿನ ಬಾಸೆಟ್ ಜಾತಿಯವು ಗಿಡ್ಡ ಕಾಲಿನವು; ನೆಲಕ್ಕೆ ಮೂಗು ಹಚ್ಚಿ ವಾಸನೆಯ ಜಾಡು ಹಿಡಿಯುತ್ತವೆ. ಮುಧೋಳ ನಾಯಿಯದು ಕಣ್ಣಿನ ಬೇಟೆ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಅದರ ಬೆನ್ನು ಹತ್ತುತ್ತದೆ. ಬಯಲುಸೀಮೆಯ ಎರೆನೆಲದಲ್ಲಿ ಮೊಲ ಅಟ್ಟಿ ಬೆಳೆದ ಕುಲ ಅದು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿ, ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದು ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಮರಿಗಳು 2016ರಲ್ಲಿ ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮೊಲದ ಬೇಟೆ ನಿಂತಿತು. ಕಾಯಿದೆ ಬಂತೆಂದು ನಾಯಿಯ ಕಾಲು ಮೊಟಕಾಗಲಿಲ್ಲ.

ಇದು ಮನೆಯವರಿಗೆ ನಿಷ್ಠೆಯ ಪ್ರಾಣಿ. ಪರರ ಕೈ ಮೈಮೇಲೆ ಬೀಳುವುದು ಇದಕ್ಕೆ ಆಗದು. ಬೈಗುಳ, ಪೆಟ್ಟಿಗೆ ಮುದುಡಿಕೊಳ್ಳುತ್ತದೆ. ಕಟ್ಟಿಹಾಕಿದರೆ ಮಾತ್ರ ಸಿಡುಕು ಸ್ವಭಾವ ಬೆಳೆಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ನಾಟಿ ನಾಯಿಯನ್ನು ಹಗಲಿಡೀ ಕಟ್ಟುತ್ತಿದ್ದೆವು. ಒಂದು ಸಂಜೆ ಅದು ನನ್ನ ತಂಗಿಯ ಕೈ ಕಚ್ಚಿತು. ಎಲ್ಲರೂ ನಾಯಿಯನ್ನೇ ದೂರಿದರು. ಕಟ್ಟಿದವನು ನಾನು.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ: ಬೇಲಿ ಇರುವ ವಿಶಾಲ ಜಾಗ, ದಿನಕ್ಕೆ ಎರಡು ಹೊತ್ತು ಓಡಿಸುವ ಬಿಡುವು ಇಲ್ಲದಿದ್ದರೆ ಮುಧೋಳ ನಾಯಿಯನ್ನು ತರಬೇಡಿ. ಕಾವಲಿಗೆ ನಮ್ಮ ಊರ ಮರಿಯೇ ಧಾರಾಳ ಸಾಕು. ಈಗಾಗಲೇ ತಂದವರು ನೆಲದಿಂದ ಗೇಣೆತ್ತರಕ್ಕೆ ಹಲಗೆ ಹಾಕಿ ಗೋಣಿ ಹಾಸಬೇಕು. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ. ನಮ್ಮ ಮಳೆಯ ಥಂಡಿ ಅದಕ್ಕೆ ಒಗ್ಗದು. ಪಕ್ಕೆಲುಬು ತುಸು ಕಾಣುವುದು ಅದರ ಜಾತಿಗುಣ, ಹಸಿವೆಯೆಂದು ತುರುಕಬೇಡಿ. ಅಲ್ಲಿಯವರು ಜೋಳ, ಹಾಲು ಹಾಕುತ್ತಾರೆ. ನಮ್ಮ ಗಂಜಿ ಹಾಕಬಹುದು, ಜತೆಗೆ ಮೊಟ್ಟೆಯೋ ಮೀನೋ ಇರಲಿ. ಉಂಡ ಕೂಡಲೇ ಓಡಿಸಬಾರದು. ತೋಟದಿಂದ ಬಂದಾಗ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುವುದು ಮಕ್ಕಳ ಕೆಲಸವಾಗಲಿ.

ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮೂರು ತಿಂಗಳಿಗೆ ಮೊದಲ ಸಲ, ಬಳಿಕ ವರ್ಷವರ್ಷವೂ ಕೊಡಿಸಲೇಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಫ್ರಾನ್ಸಿನ ಲೂಯಿ ಪಾಶ್ಚರ್ 1885ರಲ್ಲಿ ಒಂಬತ್ತು ವರ್ಷದ ಬಾಲಕನನ್ನು ಲಸಿಕೆಯಿಂದ ಉಳಿಸಿದ. ಇಷ್ಟು ವರ್ಷಗಳ ಮೇಲೂ ಅರಿಶಿನ ಹಚ್ಚಿ ಕುಳಿತುಕೊಳ್ಳುವ ಮನೆಗಳು ಇವೆಯೆಂದರೆ ಮೇಷ್ಟ್ರಾದ ನನಗೇ ನಾಚಿಕೆ.

ದೀಪಾವಳಿ ಕಳೆದು ಆ ಮನೆಗೆ ಮತ್ತೆ ಹೋದೆ. ತೆಂಗಿನ ಹಿತ್ತಿಲಿಗೆ ಆಳೆತ್ತರದ ಬಲೆ ಬಂದಿತ್ತು. ಹುಡುಗ ಚೆಂಡೆಸೆದ. ನಾಯಿ ಆ ತುದಿಗೆ ಹೋದದ್ದೂ ಬಂದದ್ದೂ ನನ್ನ ಕಣ್ಣಿಗೆ ಸರಿಯಾಗಿ ಸಿಗಲಿಲ್ಲ. ನನ್ನನ್ನು ಮಾತ್ರ ಅದು ಇನ್ನೂ ದೂರದಿಂದಲೇ ನೋಡುತ್ತದೆ.