ಆಕಾಶ ಯಾರಪ್ಪನ ಮನೆ ಸ್ವತ್ತು?

ಉಳ್ಳವರ ಹೊಸ ಆಟವೊಂದು ಶುರುವಾಗಿ ಕೆಲವು ವರ್ಷವಾಯಿತು. ನಾಲ್ಕೂ ಚಕ್ರ ಎಳೆಯುವ ಜೀಪು. ಅದರ ನೆತ್ತಿಯ ಮೇಲೊಂದು ಚಪ್ಪಟೆ ಹಲಗೆ. ಆ ಹಲಗೆಗೂ ಆಕಾಶಕ್ಕೂ ನೇರ ಮಾತುಕತೆ. ಅಮೆರಿಕದ ಮರುಭೂಮಿಯಲ್ಲೋ ಆಸ್ಟ್ರೇಲಿಯಾದ ಒಳನಾಡಿನಲ್ಲೋ, ರಸ್ತೆಯಿಲ್ಲ, ಟವರಿಲ್ಲ, ನರಪಿಳ್ಳೆಯೂ ಇಲ್ಲ ಅಂತ ಅವರು ಹೇಳುವ ಕಡೆ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಂದಲೇ ಆಫೀಸಿನ ಮೀಟಿಂಗು, ಅಲ್ಲಿಂದಲೇ ಸಿನಿಮಾ. ಇದಕ್ಕೆ ಅವರಿಟ್ಟ ಹೆಸರು ಸ್ವಾತಂತ್ರ್ಯ.

ತಿರುಗೋರು ತಿರುಗಲಿ ಬಿಡಿ. ನಮ್ಮ ಜಗಳ ಒಂದು ಸುಳ್ಳಿನ ಜೊತೆ. ‘ನಿಮ್ಮೂರು ಗುಡ್ಡದಲ್ಲಿದೆ, ಕಾಡಲ್ಲಿದೆ, ಅಲ್ಲಿಗೆ ಇಂಟರ್ನೆಟ್ ಕೊಡೋಕಾಗಲ್ಲ’ ಅಂತ ನಮಗೆ ಹೇಳುತ್ತಾ ಬಂದ ಸುಳ್ಳು. ಆ ಸುಳ್ಳನ್ನು ಈ ಜೀಪೇ ಬಯಲಿಗೆಳೆದಿದೆ. ಹ್ಯಾಗೆ ಅಂತ ತಿಳಿಯಬೇಕಾದರೆ ಜೀಪಿನ ನೆತ್ತಿ ಹತ್ತಿ ನೋಡಬೇಕು. ಯಂತ್ರದ ವಿಷಯ ನಮಗ್ಯಾಕೆ ಅನ್ನಬೇಡಿ, ಗೆಳೆಯರೇ. ಯಂತ್ರ ಅರ್ಥವಾಗದವನಿಗೆ ಯಂತ್ರದ ಹೆಸರಲ್ಲಿ ಟೋಪಿ ಹಾಕುವುದು ಸಲೀಸು.

ಹಳೇ ಟೀವಿ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿನ ಲೆಕ್ಕಕ್ಕೆ ಒಂದೇ ಕಡೆ ನಿಂತಿರುತ್ತದೆ. ಅದರ ಕಡೆ ಡಿಶ್ ಗುರಿಯಿಟ್ಟು ಬಿಗಿದರೆ ಮುಗಿಯಿತು. ಆದರೆ ಓಡುವ, ಕುಲುಕುವ ಜೀಪಿನ ಮೇಲೆ ಆ ಗುರಿ ನಿಲ್ಲಿಸೋದು ಕಷ್ಟ. ಈಲಾನ್ ಮಸ್ಕ್‌ನ ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಎಂಬ ಉಪಗ್ರಹಗಳನ್ನು ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಹಿಂಡುಹಿಂಡಾಗಿ ಬಿಡುತ್ತಾ ಹೋಯಿತು. 2025ರಲ್ಲಿ ಅವು ಏಳು ಸಾವಿರ ದಾಟಿದವು. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ನೆತ್ತಿಗೆ ಬರುತ್ತದೆ. ಜೀಪಿನ ಮೇಲಿನ ಹಲಗೆ ಕತ್ತು ತಿರುಗಿಸುವುದಿಲ್ಲ. ಅದರೊಳಗಿನ ಪುಟ್ಟ ಪುಟ್ಟ ಆಂಟೆನಾಗಳು ಒಟ್ಟಾಗಿ ಅಲೆಯ ದಿಕ್ಕನ್ನಷ್ಟೇ ತಿರುಗಿಸಿ, ಹೋಗುವ ಉಪಗ್ರಹವನ್ನು ಬಿಟ್ಟು ಬರುವುದನ್ನು ಹಿಡಿಯುತ್ತವೆ.

2024ರಲ್ಲಿ ಬಂದ ಇದರ ಚಿಕ್ಕ ಹಲಗೆ, ಮಿನಿ ಅಂತ ಹೆಸರು, ಮಕ್ಕಳ ಸ್ಲೇಟಿಗಿಂತ ತುಸು ದೊಡ್ಡದು. ತೂಕ ಒಂದು ಕೆಜಿ ಚಿಲ್ಲರೆ. ಕುಡಿಯುವ ಕರೆಂಟು 25ರಿಂದ 40 ವ್ಯಾಟ್, ಅಂದರೆ ನಮ್ಮ ಗುಡಿಸಲಲ್ಲಿ ಉರೀತಿದ್ದ ನಲವತ್ತು ಕ್ಯಾಂಡಲ್ ಬಲ್ಬಿನಷ್ಟು. 12 ವೋಲ್ಟಿನ ಬ್ಯಾಟರಿಗೆ ಜೋಡಿಸಬಹುದು. ಆದರೂ ಜೀಪಿನವನ ಪಾಡು ಕೇಳಿ. ಹಳ್ಳ ದಿಣ್ಣೆಯ ಕುಲುಕಾಟಕ್ಕೆ ಕಿತ್ತುಹೋಗದ ಹಾಗೆ ಹಲಗೆಯನ್ನು ಕ್ಯಾರಿಯರಿಗೆ ಬಿಗಿಯಬೇಕು. ಸಣ್ಣ ವೈರು ಉದ್ದಕ್ಕೆ ಎಳೆದರೆ ವೋಲ್ಟೇಜ್ ಬಿದ್ದು ಹಲಗೆ ಆರಿಹೋಗುತ್ತದೆ. ದಪ್ಪ ವೈರು ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ಇಂಜಿನ್ ಆರಿಸಿ ರಾತ್ರಿಯೆಲ್ಲ ನಡೆಸಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿರಬಹುದು. ಅದಕ್ಕೆ ಎರಡನೇ ಬ್ಯಾಟರಿ, ಅದನ್ನು ತುಂಬಿಸಲು ಸೋಲಾರ್ ಪ್ಲೇಟು. ಮರದಡಿ ನಿಲ್ಲಿಸಿದರೆ ಸಿಗ್ನಲ್ ಕಡಿಯುತ್ತದೆ. ನೆರಳು ಬಿಟ್ಟು ಬಯಲಿಗೆ ಬರಬೇಕು.

ಈಗ ಹೇಳಿ ಮೇಷ್ಟ್ರೇ, ನಿಮ್ಮ ಶಾಲೆ ಓಡುತ್ತದೆಯೇ? ಹಳ್ಳ ಹಾರುತ್ತದೆಯೇ? ಸೋರುವುದೇನೋ ಉಂಟು, ಆದರೆ ಕಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೊಂದು ಮಾಡಿದೆ, ಗೋಡೆಯಿದೆ, ಮುಂದೆ ಆಟದ ಬಯಲಿದೆ. ಆರೋಗ್ಯ ಉಪಕೇಂದ್ರವೂ ಹಾಗೇ, ನ್ಯಾಯಬೆಲೆ ಅಂಗಡಿಯೂ ಹಾಗೇ. ಕಷ್ಟದ ಲೆಕ್ಕ ಓಡುವ ಜೀಪು. ಸುಲಭದ ಲೆಕ್ಕ ನಿಂತ ಶಾಲೆ. ಕಷ್ಟದ್ದನ್ನು ಮೊದಲು ಬಿಡಿಸಿ ಸುಲಭದ್ದನ್ನು ಹಾಗೇ ಬಿಟ್ಟರು. ಯಾಕೆ? ಜೀಪಿನವನ ಜೇಬಲ್ಲಿ ಕಾಸಿತ್ತು, ಅಷ್ಟೇ.

ಅಮೆರಿಕದಲ್ಲೇ ಎರಡು ಗಾಡಿಗಳ ಕತೆ ನೋಡಿ. ಮೊದಲನೆಯದು ಪ್ರವಾಸದ ಗಾಡಿ. 2022ರ ಜೂನ್ 30ರಂದು ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಓಡುವ ವಾಹನ, ಹಡಗು, ವಿಮಾನಗಳಲ್ಲಿ ಸ್ಟಾರ್‌ಲಿಂಕ್ ಬಳಸಲು ಅನುಮತಿ ಕೊಟ್ಟಿತು. ಎರಡನೆಯದು ಶಾಲೆಯ ಬಸ್ಸು. ದೂರದೂರದಿಂದ ಬರುವ, ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳು ದಾರಿಯಲ್ಲೇ ಪಾಠ ಮಾಡಿಕೊಳ್ಳಲಿ ಅಂತ, ಬಸ್ಸಿನ ವೈಫೈ ಖರ್ಚಿಗೆ ಇ-ರೇಟ್ ಎಂಬ ನಿಧಿಯಿಂದ ಕೊಡಬಹುದು ಎಂದು ಇದೇ ಕಮಿಷನ್ 2023ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಕಮಿಷನ್ ಅದನ್ನು ಹಿಂದಕ್ಕೆ ತಗೊಂಡಿತು. ಜೀಪು ತನ್ನ ದಾರಿ ಹಿಡಿದು ಓಡುತ್ತಲೇ ಇದೆ.

ಜೀಪಿನವನು ತನ್ನ ದುಡ್ಡು ಕೊಡ್ತಾನೆ, ಬಸ್ಸಿಗೆ ಸಾರ್ವಜನಿಕರ ದುಡ್ಡು ಬೇಕು ಅಂತ ಪಂಡಿತರು ವಾದ ಹೂಡಬಹುದು. ಹೌದು ಸ್ವಾಮಿ, ನಾವು ಹೇಳುತ್ತಿರುವುದೂ ಅದನ್ನೇ. ದುಡ್ಡಿದ್ದವನಿಗೆ ಅನುಮತಿ ಸಾಕು. ದುಡ್ಡಿಲ್ಲದವನಿಗೆ ಹಕ್ಕು ಬೇಕು.

ಇನ್ನು ನಮ್ಮ ಕಡೆ ಬನ್ನಿ. ಆಕಾಶವನ್ನು ಮೊದಲು ಹಳ್ಳಿಗೆ ಇಳಿಸಿದ ಕತೆ ಈ ದೇಶದ್ದೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ, ಅಮೆರಿಕದಿಂದ ಎರವಲು ಸಿಕ್ಕ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪಾಠ ತಲುಪಿಸಿತು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯಿಂದ ಮಾಡಿದ, 3 ಮೀಟರ್ ಅಗಲದ ಡಿಶ್ಶುಗಳು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅದು ತುರ್ತು ಪರಿಸ್ಥಿತಿಯ ಕಾಲ. ಆ ಸರ್ಕಾರಕ್ಕೆ ಹಾರ ಹಾಕಬೇಕಿಲ್ಲ. ಆದರೆ ಪಟ್ಟಣಕ್ಕಿಂತ ಮೊದಲು ಹಳ್ಳಿ ಎಂಬ ಸರದಿ ಸಾಧ್ಯ ಅಂತ ಅದು ತೋರಿಸಿತು. ವರ್ಷ ಮುಗಿಯಿತು, ಉಪಗ್ರಹದ ಒಡೆಯರು ಅದನ್ನು ವಾಪಸು ಸರಿಸಿಕೊಂಡರು. ಎರವಲು ಆಕಾಶದ ಪಾಠವೂ ಅಲ್ಲೇ ಇತ್ತು.

ಆಮೇಲೆ ಏನಾಯಿತು? 2020-21ರ ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಮೊಬೈಲ್ ಹಿಡಿದು ಗುಡ್ಡ ಹತ್ತಿದರು. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಹಾಜರಿಗೆ ದಿನಕ್ಕೆ ಎರಡು ಸಲ ಮೊಬೈಲ್ ಫೋಟೋ ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದೆ ಹಾಜರಿ ಹತ್ತದೆ ಕೂಲಿ ಹೋಗ್ತಿದೆ ಅಂತ ಕೂಲಿಕಾರರು ಆ ವರ್ಷ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ನೋಡಿದಿರಾ? ಜೀಪಿನವನಿಗೆ ನೆಟ್‌ವರ್ಕ್ ಹೋದರೆ ಸಿನಿಮಾ ನಿಲ್ಲುತ್ತದೆ. ಇವರಿಗೆ ಹೋದರೆ ಒಲೆ ಹತ್ತುವುದಿಲ್ಲ.

ದುಡ್ಡಿಲ್ಲ ಅನ್ನುವಂತಿಲ್ಲ. 2002ರಿಂದಲೂ ಟೆಲಿಫೋನ್ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ಹಳ್ಳಿಗಾಡಿನ ಸಂಪರ್ಕಕ್ಕೆಂದು ತೆಗೆದಿಡಲಾಗುತ್ತಿದೆ. 2023ರ ದೂರಸಂಪರ್ಕ ಕಾಯ್ದೆ ಆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಅಂತ ಹೊಸ ಅಂಗಿ ತೊಡಿಸಿತು. ಕೂಲಿಯವನ ರೀಚಾರ್ಜಿನ ಪಾಲೂ ಅದರಲ್ಲಿದೆ. 2011ರಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ವೈರು ಎಳೆಯುವ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಪಂಚಾಯ್ತಿ ಕಟ್ಟಡಕ್ಕೆ ಬಂದ ವೈರು ಅಲ್ಲಿಂದ ಕೇರಿಗೆ, ತಾಂಡಾಕ್ಕೆ, ಹಾಡಿಗೆ ಇಳಿಯಬೇಕಲ್ಲ? ಅಲ್ಲಿಗೆ ಬಂದಾಗ ಮಾತ್ರ ಎಲ್ಲರಿಗೂ ಗುಡ್ಡ ನೆನಪಾಗುತ್ತದೆ, ಕಾಡು ನೆನಪಾಗುತ್ತದೆ.

ಹಾಗಾದರೆ ಮಸ್ಕ್ ಸಾಹೇಬನ ಬಾಗಿಲಿಗೆ ಅರ್ಜಿ ಹಿಡಿದು ಹೋಗೋಣವೇ? 2021ರಲ್ಲಿ ಈ ಕಂಪನಿ ಪರವಾನಗಿ ಇಲ್ಲದೆಯೇ ನಮ್ಮ ದೇಶದಲ್ಲಿ ಮುಂಗಡ ಹಣ ಎತ್ತಲು ಹೊರಟಿತ್ತು. ಸರ್ಕಾರ ತಡೆದು 2022ರಲ್ಲಿ ವಾಪಸು ಕೊಡಿಸಿತು. 2025ರ ಜೂನಿನಲ್ಲಿ ಅದೇ ಕಂಪನಿಗೆ ಪರವಾನಗಿ ಸಿಕ್ಕಿತು. ಬರಲಿ. ಆದರೆ ಒಂದು ಮಾತು ನೆನಪಿರಲಿ. 2022ರ ಯುದ್ಧದಲ್ಲಿ ಕ್ರೈಮಿಯಾ ಬಳಿ ಸೇವೆ ತೆರೆಯಿರಿ ಅಂತ ಉಕ್ರೇನ್ ಕೇಳಿದಾಗ ತಾನು ಒಪ್ಪಲಿಲ್ಲ ಎಂದು ಮಸ್ಕ್ ತಾನೇ 2023ರಲ್ಲಿ ಹೇಳಿಕೊಂಡ. ಒಪ್ಪದ್ದು ಸರಿಯೋ ತಪ್ಪೋ ಬೇರೆ ಮಾತು. ಒಂದು ದೇಶದ ಬಾಯಿ ತೆರೆದು ಮುಚ್ಚುವ ಗುಂಡಿ ಒಬ್ಬ ಸಾಹುಕಾರನ ಬೆರಳ ಕೆಳಗಿತ್ತು. ಊರಿನ ಬಾವಿಯ ಹಗ್ಗ ಒಬ್ಬನ ಮನೆಯಲ್ಲಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಂತ ಶಾಲೆಗೆ ನಿಂತ ಉಪಗ್ರಹವೇ ಸಾಕು. ಮಾತು ಹೋಗಿ ಬರಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಪಾಠಕ್ಕೆ, ಅರ್ಜಿಗೆ, ಹಾಜರಿಗೆ ಅದರಿಂದ ಗಂಟೇನೂ ಹೋಗಲ್ಲ. ಅಂಥ ಉಪಗ್ರಹ ನಮ್ಮಲ್ಲೇ ಇವೆ. ಇಂಟರ್ನೆಟ್ಟಿಗೆಂದೇ ಕಟ್ಟಿದ ಜಿಸ್ಯಾಟ್-11ನ್ನು ಇಸ್ರೋ 2018ರ ಡಿಸೆಂಬರಿನಲ್ಲಿ ಮೇಲಕ್ಕೆ ಕಳಿಸಿತು. ಜನರ ತೆರಿಗೆಯಲ್ಲಿ ಬೆಳೆದ ಸಂಸ್ಥೆ ಅದು. ಅದರ ಮೇಲೆ ಮೊದಲ ಹಕ್ಕು ಯಾರದು?

ಆದ್ದರಿಂದ ನಮ್ಮ ಕೇಳಿಕೆ ಮೂರೇ. ಜೀಪಿಗೆ ಹಲಗೆ ಏರುವ ಮೊದಲು ಶಾಲೆಗೆ, ಉಪಕೇಂದ್ರಕ್ಕೆ, ನ್ಯಾಯಬೆಲೆ ಅಂಗಡಿಗೆ ಏರಲಿ. ಅದರ ಖರ್ಚು ಹಳ್ಳಿಯ ಹೆಸರಲ್ಲಿ ಕೂಡಿಟ್ಟ ನಿಧಿಯಿಂದಲೇ ಬರಲಿ. ಕೊಡುವವರು ಯಾರೇ ಆಗಿರಲಿ, ನೆಟ್‌ವರ್ಕ್ ಇಲ್ಲದ ದಿನ ಕೂಲಿಗೂ ಪಡಿತರಕ್ಕೂ ಕತ್ತರಿ ಬೀಳದ ಹಾಗೆ ಕಾನೂನು ಇರಲಿ.

ಮುಂದಿನ ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಕೇಳಿ: ‘ಓಡುವ ಜೀಪಿಗೆ ಸಿಗುವುದು ನಿಂತ ಶಾಲೆಗೆ ಯಾಕೆ ಸಿಗಲ್ಲ?’ ಬಂದ ಉತ್ತರವನ್ನು ಬಾಯಿಮಾತಿಗೆ ಬಿಡಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಮನೆಗೆ ಬನ್ನಿ.