ಶೇಡ್ ಮಾಡಲು ಜಾಗವೇ ಇಲ್ಲದ ಗ್ರಾಫು

ಬಲ್ಮಠದ ನಮ್ಮ ಬಾಡಿಗೆ ಕೋಣೆಯ ಪಕ್ಕದ ಮನೆಯ ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಾಳೆ. ಮೊನ್ನೆ ಸಂಜೆ ಗ್ರಾಫ್ ಪುಸ್ತಕ ಹಿಡಿದು ಬಂದಳು. "ಅಣ್ಣ, ಗೆರೆ ಎಳೆಯಲಿಕ್ಕೆ ಬರ್ತದೆ. ಯಾವ ಬದಿ ಶೇಡ್ ಮಾಡುವುದು ಅಂತ ಗೊತ್ತಾಗುವುದಿಲ್ಲ."

ತಪ್ಪು ಅವಳದ್ದಲ್ಲ. ಎರಡು ಚರಾಕ್ಷರಗಳ ಅಸಮತೆಯನ್ನು ಗ್ರಾಫಿನಲ್ಲಿ ಬಿಡಿಸುವ ಭಾಗ ಮೊದಲು ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು. ಕೊರೊನಾ ನಂತರ 2022ರಲ್ಲಿ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಅದನ್ನು ಕೈಬಿಟ್ಟರು. ಹನ್ನೆರಡನೇ ತರಗತಿಯ ಲೀನಿಯರ್ ಪ್ರೋಗ್ರಾಮಿಂಗ್ ಪಾಠ ಮಾತ್ರ ಉಳಿಯಿತು. ಆ ಪಾಠ ನಿಂತಿರುವುದೇ ಈ ಗ್ರಾಫಿನ ಮೇಲೆ. ಏಣಿ ಕಿತ್ತುಕೊಂಡು ಅಟ್ಟ ಹತ್ತು ಎಂದ ಹಾಗಾಯಿತು.

ಅವಳಿಗೆ ನಾವು ನಮ್ಮದೇ ಲೆಕ್ಕ ಕೊಟ್ಟೆವು. ಒಬ್ಬ ಬಿಡಿ ವರದಿಗಾರನಿದ್ದಾನೆ ಎಂದುಕೊಳ್ಳೋಣ. ವಾರಕ್ಕೆ ಎಕ್ಸ್ ವರದಿ, ವೈ ಫೋಟೋ ಕಳಿಸುತ್ತಾನೆ. ವರದಿಗೆ ಎರಡು ಗಂಟೆ, ಫೋಟೋಗೆ ಒಂದು ಗಂಟೆ. ವಾರಕ್ಕೆ 40 ಗಂಟೆಗಿಂತ ಹೆಚ್ಚು ಆಗದು. ಅಂದರೆ 2ಎಕ್ಸ್ + ವೈ ≤ 40. ಮೊದಲು ಸಮ ಚಿಹ್ನೆ ಹಾಕಿ ಗೆರೆ ಎಳೆಯಬೇಕು: (20, 0) ಮತ್ತು (0, 40) ಬಿಂದುಗಳನ್ನು ಸೇರಿಸಿದರೆ ಮುಗಿಯಿತು. 'ಸಮ'ವೂ ಸೇರಿರುವುದರಿಂದ ಗೆರೆ ಗಟ್ಟಿ. ಬರೀ 'ಕಡಿಮೆ' ಎಂದಿದ್ದರೆ ತುಂಡು ಗೆರೆ. ಈಗ ಮೂಲಬಿಂದು (0, 0) ಹಾಕಿ ನೋಡು. ಸೊನ್ನೆ 40ಕ್ಕಿಂತ ಕಡಿಮೆ, ಮಾತು ನಿಜ. ಹಾಗಾದರೆ ಮೂಲಬಿಂದು ಇರುವ ಬದಿಯೇ ಶೇಡ್.

ವರದಿಗೆ 150, ಫೋಟೋಗೆ 50 ರೂಪಾಯಿ. ಬದುಕಲು ವಾರಕ್ಕೆ 2400 ಬೇಕು ಎಂದಿಟ್ಟುಕೊಳ್ಳಿ. 150ಎಕ್ಸ್ + 50ವೈ ≥ 2400, ಚಿಕ್ಕದು ಮಾಡಿದರೆ 3ಎಕ್ಸ್ + ವೈ ≥ 48. ಇಲ್ಲಿ ಸೊನ್ನೆ ಹಾಕಿದರೆ ಮಾತು ಸುಳ್ಳು. ಆದ್ದರಿಂದ ಆಚೆ ಬದಿ ಶೇಡ್. ಎರಡೂ ಶೇಡ್ ಕೂಡುವಲ್ಲಿ ಒಂದು ತ್ರಿಕೋನ ಸಿಗುತ್ತದೆ: (8, 24), (16, 0), (20, 0). ಬದುಕಬಹುದು.

ಆದರೆ ಡೆಸ್ಕಿನವರು ವಾರಕ್ಕೆ 12 ವರದಿ, 10 ಫೋಟೋಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂದರೆ? ಇನ್ನೆರಡು ಗೆರೆ ಎಳೆದಳು. ಪೆನ್ಸಿಲ್ ನಿಂತಿತು. "ಅಣ್ಣ, ಶೇಡ್ ಮಾಡಲಿಕ್ಕೆ ಜಾಗವೇ ಇಲ್ಲ."

ಹೌದು, ಇಲ್ಲ. 12 ವರದಿ, 10 ಫೋಟೋ ಎಲ್ಲ ಕೊಟ್ಟರೂ ಸಿಗುವುದು 2300. ದುಡಿದದ್ದು 34 ಗಂಟೆ. ಆರು ಗಂಟೆ ಕೈಯಲ್ಲಿದೆ, ನೂರು ರೂಪಾಯಿ ಇಲ್ಲ. 'ಇನ್ನೂ ಸ್ವಲ್ಪ ಓಡಾಡಿ' ಎಂಬ ಉಪದೇಶಕ್ಕೆ ಈ ಗ್ರಾಫೇ ಉತ್ತರ. ಸೋಮಾರಿತನದ ಗೆರೆ ಇದರಲ್ಲಿ ಎಲ್ಲೂ ಇಲ್ಲ. ವರದಿಯ ದರ 200 ಮಾಡಿ ನೋಡಿ: (12, 0), (12, 10), (9.5, 10) ನಡುವೆ ಪುಟ್ಟ ತ್ರಿಕೋನವೊಂದು ತೆರೆದುಕೊಳ್ಳುತ್ತದೆ. ಐವತ್ತು ರೂಪಾಯಿಯಲ್ಲಿ ಒಬ್ಬನ ವಾರ ಸಾಧ್ಯವಾಗುತ್ತದೆ.

ಅಂಕಿಗಳು ಊಹೆಯವು, ಪರಿಸ್ಥಿತಿ ಊಹೆಯದ್ದಲ್ಲ. ದರದ ಕಾಗದ ಬಂದು ಹೋದ ನಮ್ಮ ಎಷ್ಟೋ ಗೆಳೆಯರು ಇಂಥ ಖಾಲಿ ಜಾಗದಲ್ಲೇ ನಿಂತಿದ್ದಾರೆ. ಬೀಡಿ ಕಟ್ಟುವ ಮನೆಗಳೂ ಇದೇ ಗ್ರಾಫಿನವು: ಸಾವಿರಕ್ಕಿಷ್ಟು ದರ, ದಿನಕ್ಕಿಷ್ಟೇ ಎಲೆ.

ಬಲ್ಮಠದ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ. ಅದಕ್ಕೇ ಆ ದಿನ ಪತ್ರಿಕಾ ದಿನ, ಶಾಲು, ಹಾರ, ಭಾಷಣ. ಮುಂದಿನ ಜುಲೈಗೆ ಶಾಲಿನ ಜೊತೆ ಒಂದು ಗ್ರಾಫ್ ಹಾಳೆಯೂ ವೇದಿಕೆಗೆ ಬರಲಿ ಎಂಬುದು ನಮ್ಮ ಬೇಡಿಕೆ. ಮತ್ತೊಂದು ಬೇಡಿಕೆ ಪುಸ್ತಕ ಮಾಡುವವರಿಗೆ: ಕಿತ್ತ ಏಣಿಯನ್ನು ಮರಳಿ ಇಡಿ. ಯಾವ ಗೆರೆ ಸರಿಸಿದರೆ ಜಾಗ ಸಿಗುತ್ತದೆ ಎಂದು ನೋಡಲು ಬಲ್ಲ ಮಕ್ಕಳು ನಾಳೆ ತಮ್ಮ ಕೂಲಿಯ ಮಾತು ತಾವೇ ಆಡುತ್ತಾರೆ.